ಕೈಗಾಗಿ ಮಣೆಯೋ, ಮಣೆಗಾಗಿ ಕೈಯೋ?

ಕಂಪ್ಯೂಟರಿನ ಕೀಲಿಮಣೆಯನ್ನು ಎಡಗೈಗೊಂದು ಬಲಗೈಗೊಂದು ಎಂದು ಇಬ್ಭಾಗಿಸಿ, ಹೆಬ್ಬೆರಳ ಬಳಿ ಉರುಳುಗುಂಡುಗಳನ್ನು ಕೂರಿಸಿ, ಸ್ವಹಸ್ತದಿಂದ ನಿರ್ಮಿಸಿಕೊಳ್ಳುವವರನ್ನು ಕಂಡು ನಗುವವರು ಬಹುಮಂದಿ. ಲೋಕವೆಲ್ಲ ಒಪ್ಪಿದ ಮಣೆಯು ಅಂಗಡಿಯಲ್ಲಿ ಅಲ್ಪಬೆಲೆಗೆ ದೊರೆಯುತ್ತಿರಲು ಈ ಪ್ರಯಾಸವೇಕೆ, ಇದು ಮೂಗಿಗಿಂತ ಮೂಗುತಿ ಭಾರವಾದಂತಲ್ಲವೆ ಎಂಬುದು ಅವರ ಪೂರ್ವಪಕ್ಷ.

ಲೋಕವು ಒಪ್ಪಿತೆಂಬ ಆ ಮಣೆಯು ಕೈಯನ್ನು ನೋಡಿ ಹುಟ್ಟಿದುದಲ್ಲ. ಅಮೆರಿಕದ ಶೋಲ್ಸನ ಬೆರಳಚ್ಚು ಯಂತ್ರವು 1874ರಲ್ಲಿ ರೆಮಿಂಗ್ಟನ್ ಸಂಸ್ಥೆಯಿಂದ ಮಾರಾಟಕ್ಕೆ ಬಂದಿತು. ಅದರಲ್ಲಿ ಕೀಲಿಗೊಂದು ಸನ್ನೆಕೋಲು. ಅವು ಒಂದನ್ನೊಂದು ತಾಗದಿರಲೆಂದು ಕೀಲಿಗಳ ಸಾಲುಗಳನ್ನು ಓರೆಯಾಗಿ ಸರಿಸಲಾಯಿತು. ಇಂದು ಸನ್ನೆಕೋಲು ಅಳಿದಿದೆ, ಓರೆ ಉಳಿದಿದೆ. ಕಾರಣವು ನಷ್ಟವಾದ ಮೇಲೂ ಕಾರ್ಯವನ್ನು ಪೂಜಿಸುವುದು ಸಂಪ್ರದಾಯವಲ್ಲ. ಅಪ್ಪ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಳ್ಳುವ ಜಾಡ್ಯ.

ಭುಜಗಳು ಅಗಲ, ಮಣೆ ಕಿರಿದು. ಆದುದರಿಂದ ತೋಳುಗಳು ಎದೆಯ ಮುಂದೆ ಕೂಡಿ, ಮಣಿಕಟ್ಟುಗಳು ಕಿರುಬೆರಳ ಕಡೆಗೆ ತಿರುಚಿಕೊಳ್ಳುತ್ತವೆ. ಜರ್ಮನಿಯ ಕ್ಲೋಕೆನ್‌ಬರ್ಗನು ಇದನ್ನು ಕಂಡು 1926ರಲ್ಲಿಯೇ ಮಣೆಯನ್ನು ವಿಭಾಗಿಸಬೇಕೆಂದು ವಾದಿಸಿದನು. ಹೋಳುಗಳನ್ನು ಭುಜದಗಲಕ್ಕೆ ಸರಿಸಿಟ್ಟರೆ ಮಣಿಕಟ್ಟು ನೇರವಾಗುವುದು. ಬೆರಳುಗಳ ಉದ್ದವೂ ಒಂದೇ ಅಲ್ಲವಷ್ಟೆ. ತಾನೇ ನಿರ್ಮಿಸುವವನು ನಡುಬೆರಳ ಕೀಲಿಗಳನ್ನು ಮುಂದಕ್ಕೂ ಕಿರುಬೆರಳವನ್ನು ಹಿಂದಕ್ಕೂ ಇಡಬಲ್ಲನು. ಅಂಗಡಿಯ ಮಣೆಗೆ ಯಾರ ಕೈಯ ಅಳತೆಯೂ ತಿಳಿಯದು.

ಗುಂಡು ಆಟಿಕೆಯೆನ್ನುವವರು ಕೇಳಲಿ. ಬ್ರಿಟಿಷ್ ನೌಕಾಪಡೆಗಾಗಿ ರಾಲ್ಫ್ ಬೆಂಜಮಿನ್ನನು 1946ರಲ್ಲಿ ಇದನ್ನು ಕಲ್ಪಿಸಿದನು. ಮೌಸನ್ನು ಹುಡುಕುತ್ತ ಗಳಿಗೆಗೊಮ್ಮೆ ಬಲಗೈ ಮಣೆಯನ್ನು ಬಿಟ್ಟು ಓಡಬೇಕು. ಗುಂಡು ಮಣೆಯಲ್ಲಿಯೇ ಇದ್ದರೆ ಹೆಬ್ಬೆರಳು ತಿರುಗಿದರೆ ಸಾಕು.

ವ್ಯಯವುಂಟು, ಬೆಸುಗೆ ತಪ್ಪಿದರೆ ಕೀಲಿ ಮೂಕವಾಗುವುದುಂಟು, ಮೊದಲ ವಾರಗಳಲ್ಲಿ ಬೆರಳು ತಡವರಿಸುವುದೂ ಉಂಟು. ಇವು ಅಭ್ಯಾಸದ ಕ್ಲೇಶಗಳೇ ಹೊರತು ದೋಷಗಳಲ್ಲ. ಎರ್ಗೋಡಾಕ್ಸ್ ಮೊದಲಾದ ಮಣೆಗಳ ನಕ್ಷೆಯನ್ನೂ, ಕ್ಯೂಎಂಕೆ ಎಂಬ ಚಾಲಕ ತಂತ್ರಾಂಶವನ್ನೂ ಅವುಗಳ ಕರ್ತೃಗಳು ಬಚ್ಚಿಡದೆ ಲೋಕಕ್ಕೆ ಕೊಟ್ಟಿದ್ದಾರೆ. ವಿದ್ಯೆಯನ್ನು ಹೀಗೆ ದಾನಮಾಡಿದವರನ್ನು ನಗುವುದು ವಿವೇಕವೆ?

ಕನ್ನಡಿಗರಿಗಂತೂ ಈ ವಿಭಾಗವು ಅಪರಿಚಿತವಲ್ಲ. ಭಾರತದ ಭಾಷೆಗಳಿಗಾಗಿ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ ಸಲ್ಲುತ್ತವೆ. ವೈಯಾಕರಣರು ಎಂದೋ ವಿಂಗಡಿಸಿದ ವರ್ಣಮಾಲೆಯನ್ನು ಒಡೆದ ಮಣೆಯು ಕಣ್ಣಿಗೆ ಕಾಣುವಂತೆ ಇಡುತ್ತದೆ.

ದಿನವಿಡೀ ಬರೆದು ಬದುಕುವವನಿಗೆ ಕೈಯೇ ಬಂಡವಾಳ. ಮಣೆ ಕೆಟ್ಟರೆ ಮತ್ತೊಂದು ದೊರೆಯುವುದು. ಕೈ ಕೆಟ್ಟರೆ ಯಾವ ಅಂಗಡಿಯೂ ಇಲ್ಲ.