ಎತ್ತರದ ಕಟ್ಟಡ, ನೆಲದ ಮಾತು
ಪಾರಿಶ್ವಾಡದ ಕಡೆಯವನಾದ ನನಗೆ ಪೇಟೆಯೆಂದರೆ ಸಂತೆ. ಕೊಳ್ಳುವವನಿಗೂ ಕೊಳ್ಳದೆ ಸುಮ್ಮನೆ ಕುಳಿತವನಿಗೂ ಅಲ್ಲಿ ಒಂದೇ ಹಕ್ಕು. ಗಗನಚುಂಬಿಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕೆ?

ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ 1973ರಲ್ಲಿ ಎದ್ದುನಿಂತ 25 ಅಂತಸ್ತಿನ ಯುಟಿಲಿಟಿ ಕಟ್ಟಡ ನಗರಾಡಳಿತದ ಸ್ವತ್ತು. ಕೆಳಗೆ ಅಂಗಡಿ, ಮೇಲೆ ಕಚೇರಿ. ಸಾರ್ವಜನಿಕವೆಂಬುದು ಅದರ ಪೂರ್ಣ ಹೆಸರಿನಲ್ಲಿಯೇ ಉಂಟು. ಹಳೆಯ ಬಿಯರ್ ಕಾರ್ಖಾನೆಯ ನೆಲದಲ್ಲಿ 2008ರಲ್ಲಿ ತೆರೆದ ಯು.ಬಿ. ಸಿಟಿಯಾದರೋ ಖಾಸಗಿ ವೈಭವ. ಅಲ್ಲಿಯೂ ಬಯಲು ರಂಗಮಂದಿರವಿದೆ, ನಿಜ. ಆದರೆ ಒಡೆಯನ ಔದಾರ್ಯ ಬೇರೆ, ಪೌರನ ಹಕ್ಕು ಬೇರೆ.

ನಾಳೆ ಬೆಳಗಾವಿಯಲ್ಲಿಯೂ ಇಂಥವು ಏಳಬಹುದು, ಏಳಲಿ. ಆದರೆ ಏನನ್ನೂ ಕೊಳ್ಳದವನಿಗೂ ನೆಲದಂತಸ್ತಿನಲ್ಲಿ ನೆರಳು, ನೀರು, ಕುಳಿತುಕೊಳ್ಳಲೊಂದು ಕಲ್ಲುಬೆಂಚು ಇರಬೇಕೆಂದು ಪರವಾನಗಿಯಲ್ಲಿಯೇ ಬರೆಯಿಸಬೇಕು. ಎತ್ತರ ಎಷ್ಟೇ ಇರಲಿ, ಊರು ನಡೆಯುವುದು ನೆಲದ ಮೇಲೆ.