ವರಾಹವಧೆಯೂ ದಯಾಧರ್ಮವೂ

ಕಾಡುಹಂದಿಯನ್ನು ಕೊಲ್ಲಬಹುದೇ, ಕೊಲ್ಲಬಾರದೇ ಎಂಬ ವಾದವು ಈಚೆಗೆ ನಮ್ಮ ಸುಶಿಕ್ಷಿತರ ಜಗಲಿಗಳಲ್ಲಿ ಬಹಳವಾಗಿ ನಡೆಯುತ್ತಿದೆ. ಪ್ರಾಣಿಹಿಂಸೆಯು ಎಂದಿಗೂ ಸಲ್ಲದೆಂದು ಒಂದು ಪಕ್ಷ; ಬೆಳೆ ಕೆಡಿಸುವ ಮೃಗವನ್ನು ಹೇಗೆ ಕೊಂದರೇನೆಂದು ಇನ್ನೊಂದು ಪಕ್ಷ. ಈ ಎರಡೂ ಅಸಾಧುವೆಂಬುದೇ ನನ್ನ ಪ್ರತಿಜ್ಞೆ. ನಾನು ಕೋವಿ ಹಿಡಿದವನಲ್ಲ, ಮಾಂಸವನ್ನು ಉಂಡವನೂ ಅಲ್ಲ. ಆದುದರಿಂದ ನಾಲಗೆಯ ಚಾಪಲ್ಯದಿಂದ ಬರೆಯುತ್ತಿರುವೆನೆಂದು ಯಾರೂ ಶಂಕಿಸಬೇಕಾಗಿಲ್ಲ.

ಮೊದಲನೆಯ ಪಕ್ಷದವರು ಅನ್ನವನ್ನು ಬಲ್ಲರು, ಗದ್ದೆಯನ್ನರಿಯರು. ಹಂದಿಯ ಹಿಂಡು ತಿನ್ನುವುದು ಸ್ವಲ್ಪ, ಅಗೆದು ತುಳಿದು ಹಾಳುಮಾಡುವುದು ಬಹಳ. ಸುಮಾರು 115 ದಿನಗಳ ಗರ್ಭ, ಒಂದು ಸೂಲಿಗೆ ನಾಲ್ಕಾರು ಮರಿ. ಇಂಥ ಸಂತಾನದೆದುರು ಒಕ್ಕಲಿಗನಿಗೆ ಕೇವಲ ಉಪದೇಶವು ರಕ್ಷೆಯಾಗಲಾರದು. ಶಾಸನವೂ ಅವರಷ್ಟು ನಿಷ್ಠುರವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು 2022ರಲ್ಲಿ ತಿದ್ದುಪಡಿಯಾಗಿ ಕಾಡುಹಂದಿಯು ಎರಡನೆಯ ಅನುಸೂಚಿಯಲ್ಲಿ ಸೇರಿತಾದರೂ, ಜೀವಕ್ಕೋ ನಿಂತ ಬೆಳೆಗೋ ಅಪಾಯಕಾರಿಯಾದ ಹಂದಿಯನ್ನು ಕೊಲ್ಲಲು ಅಧಿಕಾರಿಯು ಲಿಖಿತ ಅನುಮತಿ ಕೊಡಬಹುದೆಂದು ಅದರ 11ನೆಯ ಪ್ರಕರಣವೇ ಹೇಳುತ್ತದೆ.

ಇನ್ನು ಎರಡನೆಯ ಪಕ್ಷ. ಇವರ ಆಯುಧಗಳು ಮೂರು: ಉರುಳು, ಸಿಡಿಮದ್ದು, ವಿದ್ಯುತ್ತಂತಿ. ಉರುಳಿಗೆ ಹಂದಿ ಯಾವುದು, ಚಿರತೆ ಯಾವುದು ಎಂಬ ವಿವೇಕವಿಲ್ಲ. ಸಿಡಿಮದ್ದು ದವಡೆಯನ್ನು ಒಡೆಯುತ್ತದೆ, ಪ್ರಾಣವನ್ನು ಕೂಡಲೇ ತೆಗೆಯುವುದಿಲ್ಲ. ಬಾಯಿಲ್ಲದ ಮೃಗವು ನಿಜವಾಗಿಯೂ ಬಾಯಿಲ್ಲದೆ, ಮೇಯಲಾರದೆ, ದಿನಗಟ್ಟಲೆ ನರಳಿ ಸಾಯುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಗರ್ಭಿಣಿಯಾದ ಆನೆಯೊಂದು ಇಂಥ ಸಿಡಿತಿನಿಸಿನಿಂದಲೇ ಬಾಯೊಡೆದು, ಹೊಳೆಯ ನೀರಿನಲ್ಲಿ ನಿಂತು ಪ್ರಾಣಬಿಟ್ಟಿತು. ಬೇಲಿಗೆ ಹರಿಸಿದ ವಿದ್ಯುತ್ತಾದರೋ ನೆರೆಯವನ ದನವನ್ನೂ ನೆರೆಯವನನ್ನೂ, ಕೆಲವೊಮ್ಮೆ ಹರಿಸಿದವನನ್ನೇ ಬಲಿತೆಗೆದುಕೊಳ್ಳುತ್ತದೆ. ಇದು ಬೇಟೆಯೇ?

ಬೇಟೆಯೆಂದರೇನೆಂಬುದನ್ನು ನಮ್ಮ ಪೂರ್ವಿಕರು ಅರಿತಿದ್ದರು. ಚಾಲುಕ್ಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಮೃಗಯೆಗೆ ಒಂದು ಭಾಗವನ್ನೇ ಮೀಸಲಿಟ್ಟನು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಹತ್ತನೆಯ ಶತಮಾನದ ನಡುವಿನಲ್ಲಿ, ಹಂದಿಯೊಡನೆ ಹೋರಾಡಿ ಅದರೊಡನೆಯೇ ಮಡಿದ ಕಾಳಿಯೆಂಬ ನಾಯಿಗೆ ಕಲ್ಲು ನಿಲ್ಲಿಸಿದರು. ಭಾರವಿಯ ಕಾವ್ಯದಲ್ಲಿ ಒಂದೇ ವರಾಹಕ್ಕೆ ಬಾಣ ಬಿಟ್ಟ ಕಿರಾತನೂ ಅರ್ಜುನನೂ ಅದನ್ನು ಕೊಂದವನು ತಾನೆಂದು ಕಾದಾಡಿದರು. ಇಂದು ಉರುಳಿಟ್ಟವನಾದರೋ, ಇದು ತನ್ನದಲ್ಲವೆಂದು ಓಡಿಹೋಗುತ್ತಾನೆ. ಕೊಂದುದನ್ನು ತನ್ನದೆಂದು ಒಪ್ಪಲಾರದವನಿಗೆ ಕೊಲ್ಲುವ ಅಧಿಕಾರವಿಲ್ಲ; ನನ್ನ ವಾದದ ಸಾರವೆಲ್ಲ ಇಷ್ಟೇ.

ಹಾಗಾದರೆ ಕೊಲ್ಲುವ ಕ್ರಮವೆಂತು? ಮೊದಲು ಬೇಲಿ ಮತ್ತು ಕಾವಲು, ಅವು ಸೋತಲ್ಲಿ ಅನುಮತಿ, ಅನಂತರ ಗುರಿಕಾರ. ಆತನು ಚರೆಗುಂಡನ್ನು ಎರಚಬಾರದು. ಅದು ಗಾಯಮಾಡುತ್ತದೆಯೇ ಹೊರತು ಕೊಲ್ಲುವುದಿಲ್ಲ. ಹತ್ತಿರದಿಂದ, ಅಡ್ಡವಾಗಿ ನಿಂತ ಮಿಗಕ್ಕೆ, ಮುಂಗಾಲ ಹಿಂಬದಿಯಲ್ಲಿ ಹೃದಯವೂ ಶ್ವಾಸಕೋಶವೂ ಇರುವ ಎಡೆಗೆ, ಹಿಂದೆ ಮಣ್ಣಿನ ದಿಬ್ಬವಿರುವುದನ್ನು ನೋಡಿಕೊಂಡು, ಒಂದೇ ಈಡು ಹೊಡೆಯಬೇಕು. ಓಡುವ ಹಂದಿಗೂ ಕತ್ತಲೆಯಲ್ಲಿನ ಸದ್ದಿಗೂ ಗುಂಡು ಸಲ್ಲದು. ಪಟ್ಟೆಮರಿಗಳ ತಾಯಿಯನ್ನು ಬಿಡಬೇಕು. ಅದು ಸತ್ತರೆ ಮರಿಗಳು ಹಸಿವಿನಿಂದ ಸಾಯುತ್ತವೆ. ಗುರಿ ತಪ್ಪಿ ಗಾಯವಾದರೆ ನೆತ್ತರ ಜಾಡು ಹಿಡಿದು, ನಾಯಿಯೊಡನೆ ಹೋಗಿ, ಯಾತನೆಯನ್ನು ಮುಗಿಸದೆ ಮನೆಗೆ ಮರಳಕೂಡದು. ಇಂಥ ಒಂದು ಈಡು ಬೆಳೆಗೆ ಬಂದ ಹಂದಿಯನ್ನೇ ನೀಗಿಸುತ್ತದೆ. ನೂರು ಉರುಳುಗಳು ಕಾಡಿನಲ್ಲಿ ಸಿಕ್ಕಿದುದನ್ನೆಲ್ಲ ಕೊಲ್ಲುತ್ತವೆ. ದಯೆಯೂ ಸಾಫಲ್ಯವೂ ಇಲ್ಲಿ ಬೇರೆಯಲ್ಲ. ಹೀಗೆ ಕೊಂದ ಹಂದಿಯು ಕಾಯಿದೆಯಂತೆ ಸರಕಾರದ ಸ್ವತ್ತು. ಆದಕಾರಣ ಮಾಂಸದಾಸೆಗೆ ಇಲ್ಲಿ ಎಡೆಯೇ ಇಲ್ಲ.

ಅನುಮತಿ ಬರುವಷ್ಟರಲ್ಲಿ ಪೈರು ಹೋಗಿರುತ್ತದಲ್ಲವೇ ಎಂದು ಒಕ್ಕಲಿಗನು ಕೇಳಿಯಾನು. ಈ ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರವು ಸಿಡಿಮದ್ದಲ್ಲ, ಸಮೀಪದ ಅಧಿಕಾರಿ. ಕೇರಳವು 2022ರಲ್ಲಿ ಈ ಅನುಮತಿಯ ಅಧಿಕಾರವನ್ನು ಪಂಚಾಯತಿಯ ಅಧ್ಯಕ್ಷರವರೆಗೆ ಇಳಿಸಿತು. ನಮ್ಮಲ್ಲಿಯೂ ಹೋಬಳಿಗೊಂದು ಪರೀಕ್ಷಿತ ಗುರಿಕಾರರ ಪಟ್ಟಿ, ಒಂದೇ ದಿನದಲ್ಲಿ ದೊರೆಯುವ ಅಪ್ಪಣೆ, ಇವೆರಡನ್ನು ಕೇಳೋಣ. ಜಗಲಿಯ ಅಹಿಂಸಾವಾದಿಗಳು ಈ ಅರ್ಜಿಗೆ ಮೊದಲು ರುಜು ಹಾಕಲಿ. ಹಾಕದಿದ್ದರೆ, ಇಂದು ರಾತ್ರಿ ದವಡೆಯೊಡೆದು ನರಳುವ ಮೃಗದ ಪಾಪದಲ್ಲಿ ಅವರಿಗೂ ಪಾಲುಂಟು.