ಶೇಕಡಾ ಸೊನ್ನೆ ದೋಷವೆಂಬ ಸುಳ್ಳು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಗಳೊಂದಿಗೆ ಗುತ್ತಲದ ನಮ್ಮ ಮನೆಗೆ ಬಂದಿದ್ದ. ಆ ಹುಡುಗಿಯ ಕೈಯಲ್ಲಿ ಭೌತಶಾಸ್ತ್ರದ ಪ್ರಯೋಗ ಪುಸ್ತಕವಿತ್ತು. ಹಳೆಯ ಚಾಳಿ ಬಿಡಬೇಕಲ್ಲ! ಕೇಳಿ ಪಡೆದು ತಿರುವಿ ಹಾಕಿದೆ. ಸರಳ ಲೋಲಕದ ಪ್ರಯೋಗ. ಅಕ್ಷರ ಮುತ್ತಿನಂತಿದೆ, ಕೋಷ್ಟಕಕ್ಕೆ ಗೆರೆ ನೇರವಾಗಿದೆ. ಐದು ಸಲ ಲೋಲಕದ ಉದ್ದ ಬದಲಿಸಿದರೂ ಐದು ಸಲವೂ ಗುರುತ್ವ ವೇಗೋತ್ಕರ್ಷ 9.81. ಕೆಳಗೆ ಒಂದು ಸಾಲು: ‘ಶೇಕಡಾ ದೋಷ = 0’. ಅದರ ಪಕ್ಕದಲ್ಲಿ ಪೂರ್ಣ ಅಂಕ.

“ಇದು ಹ್ಯಾಂಗ ಬಂತವ್ವಾ?” ಎಂದೆ. ಹುಡುಗಿ ಸಂಕೋಚವಿಲ್ಲದೆ ಹೇಳಿದಳು: “ಉತ್ತರ ಮೊದಲ ಬರಕೊಂಡು ಹಿಂದಿನಿಂದ ಲೆಕ್ಕಾ ಮಾಡೀವಿ ರೀ ಅಜ್ಜಾರ. ಎಲ್ಲಾರೂ ಹಂಗs ಮಾಡತಾರ.”

ಆ ಮಗುವಿನ ಮೇಲೆ ನನಗೆ ಕೋಪ ಬರಲಿಲ್ಲ. ಕೋಪ ಬಂದದ್ದು ನಮ್ಮ ಮೇಲೆ, ಅಂದರೆ ಮಾಸ್ತರರೆನಿಸಿಕೊಂಡವರ ಮೇಲೆ. ಇಂದು ಈ ವಿಷಯವನ್ನು ಸ್ವಲ್ಪ ಕಟುವಾಗಿಯೇ ಬರೆಯಬೇಕೆಂದಿದ್ದೇನೆ, ನನ್ನನ್ನೂ ಸೇರಿಸಿಕೊಂಡು.

ಮೊದಲಿಗೆ ಒಂದು ಸರಳ ಸಂಗತಿ. ಆ 9.81 ನಮ್ಮೂರಿನದೇ ಅಲ್ಲ! ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿ ಸಮಭಾಜಕದಲ್ಲಿ ಉಬ್ಬಿದೆ, ಜೊತೆಗೆ ತನ್ನ ಸುತ್ತ ತಾನು ತಿರುಗುತ್ತಿದೆ. ಆದ್ದರಿಂದ ಸಮಭಾಜಕದತ್ತ ಬಂದಂತೆ ಈ ಮೌಲ್ಯ ಇಳಿಯುತ್ತದೆ. 9.81 ಎಂಬುದು ಲಂಡನ್, ಪ್ಯಾರಿಸ್‌ಗಳಂಥ ಊರುಗಳಿಗೆ ಹೊಂದುವ ಸಂಖ್ಯೆ. ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿರುವ ನಮ್ಮ ಸೀಮೆಯಲ್ಲಿ ಅದು ಸುಮಾರು 9.78. ಪ್ರಾಮಾಣಿಕವಾಗಿ ಅಳೆದಿದ್ದರೆ ಗುತ್ತಲದ ನೆಲ ತನ್ನ ಮಾತನ್ನು ತಾನೇ ಹೇಳುತ್ತಿತ್ತು. ನಾವು ಅದರ ಬಾಯಿ ಮುಚ್ಚಿಸಿ ದೂರದೇಶದ ಉತ್ತರವನ್ನು ನಕಲು ಮಾಡಿಸಿ, ಅದಕ್ಕೆ ಪೂರ್ಣ ಅಂಕ ಕೊಟ್ಟೆವು.

ಈಗ ಆ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡೋಣ. ಲೋಲಕದ ಉದ್ದ ಒಂದು ಮೀಟರ್. ನಮ್ಮ ಅಳತೆಪಟ್ಟಿಯಲ್ಲಿ ಒಂದು ಮಿಲಿಮೀಟರ್ ಆಚೀಚೆ ಆಗಬಹುದು. ಅದು ಶೇಕಡಾ 0.1. ಇಪ್ಪತ್ತು ಆಂದೋಲನಗಳಿಗೆ 40.2 ಸೆಕೆಂಡು ಹಿಡಿಯಿತೆನ್ನಿ. ಸ್ಟಾಪ್ ವಾಚಿನ ಗುಂಡಿ ಒತ್ತುವ ಬೆರಳು 0.2 ಸೆಕೆಂಡು ತಡವರಿಸಬಹುದು. ಅದು ಶೇಕಡಾ 0.5. ಸೂತ್ರದಲ್ಲಿ ಕಾಲದ ವರ್ಗವಿರುವುದರಿಂದ ಅದು ಇಮ್ಮಡಿಯಾಗಿ ಶೇಕಡಾ 1 ಆಗುತ್ತದೆ. ಎರಡನ್ನೂ ಕೂಡಿದರೆ ಶೇಕಡಾ 1.1. ಉತ್ತರ 9.77, ಅದರ ಆಚೀಚೆ 0.11. ನಿಜವಾದ 9.78 ಈ ಎಲ್ಲೆಯೊಳಗೇ ಇದೆ. ಉದ್ದವನ್ನು ಎಷ್ಟೇ ಸೂಕ್ಷ್ಮವಾಗಿ ಅಳೆದರೂ ಹೆಚ್ಚು ಲಾಭವಿಲ್ಲ, ಸುಧಾರಿಸಬೇಕಾದದ್ದು ಕಾಲದ ಅಳತೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಇಪ್ಪತ್ತರ ಬದಲು ನೂರು ಆಂದೋಲನ ಎಣಿಸಿದರೆ ಕಾಲದ ಪಾಲಿನ ಅನಿಶ್ಚಿತತೆ ಐದನೆಯ ಒಂದಕ್ಕೆ ಇಳಿಯುತ್ತದೆ. ‘ಶೇಕಡಾ 0’ ಎಂದು ಬರೆದವನಿಗೆ ಇದಾವುದೂ ಕಾಣುವುದಿಲ್ಲ.

ನಮ್ಮ ಭಾಷೆಯಲ್ಲೂ ಒಂದು ತೊಡಕಿದೆ. ಪಠ್ಯಪುಸ್ತಕ ಇದನ್ನು ‘ದೋಷ’ ಎನ್ನುತ್ತದೆ. ದೋಷವೆಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಜಾತಕದ ದೋಷ, ದೃಷ್ಟಿದೋಷ. ಅಂದರೆ ಮುಚ್ಚಿಡಬೇಕಾದದ್ದು, ಶಾಂತಿ ಮಾಡಿಸಬೇಕಾದದ್ದು. ಅಳತೆಯ ಅನಿಶ್ಚಿತತೆ ಪಾಪವಲ್ಲ. ‘ನನ್ನ ಉಪಕರಣಕ್ಕೂ ನನ್ನ ಕೈಗೂ ಇಷ್ಟರ ಮಟ್ಟಿಗೆ ಮಾತ್ರ ಗೊತ್ತು’ ಎಂಬ ಸತ್ಯವಾಕ್ಯ ಅದು. ತಪ್ಪು ಬೇರೆ, ಅನಿಶ್ಚಿತತೆ ಬೇರೆ. ಈ ಭೇದವನ್ನು ನಾನೇ ತಡವಾಗಿ ಕಲಿತೆ. ಆ ಕಥೆ ಹೇಳಲೇಬೇಕು.

ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ಇದೇ ಪ್ರಯೋಗದಲ್ಲಿ 10.82 ಎಂದು ಬರೆದು ತಂದ. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ. “ಸರ, ನಂಗ ಬಂದದ್ದು ಇಷ್ಟs ರೀ” ಎಂದು ಅವನು ನಿಂತೇ ಇದ್ದ. “ಪಕ್ಕದವನದು ನೋಡಿ ಸರಿಮಾಡ್ಕೊ” ಎಂದುಬಿಟ್ಟೆ. ಅವನು ತಿದ್ದಿಕೊಂಡ, ಅಂಕ ಪಡೆದ. ಎಷ್ಟೋ ದಿನಗಳ ಮೇಲೆ ಒಂದು ರಾತ್ರಿ ಆ ಸಂಖ್ಯೆ ಮತ್ತೆ ನೆನಪಾಗಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಗುಂಡು ಬಿಟ್ಟ ಕ್ಷಣದಲ್ಲಿ ‘ಸೊನ್ನೆ’ ಎನ್ನುವ ಬದಲು ‘ಒಂದು’ ಎಂದು ಎಣಿಕೆ ಶುರುಮಾಡಿದರೆ ಇಪ್ಪತ್ತೆಂದು ಎಣಿಸಿದ್ದು ನಿಜವಾಗಿ ಹತ್ತೊಂಬತ್ತೇ ಆಂದೋಲನ. 38.2 ಸೆಕೆಂಡನ್ನು ಇಪ್ಪತ್ತರಿಂದ ಭಾಗಿಸಿದರೆ ಬರುವ ಉತ್ತರ ಸರಿಯಾಗಿ 10.82! ಹುಡುಗ ಎಳ್ಳಷ್ಟೂ ಸುಳ್ಳಾಡಿರಲಿಲ್ಲ. ಉತ್ತರದ ಆಚೀಚೆಯ ಎಲ್ಲೆ 0.1ರಷ್ಟು, ವ್ಯತ್ಯಾಸವೋ 1ಕ್ಕಿಂತ ಹೆಚ್ಚು. ಇದು ಬೆರಳಿನ ತಡವರಿಕೆಯಲ್ಲ, ಎಲ್ಲೋ ತಪ್ಪಿದೆ, ಹುಡುಕು ಎಂದು ಆ ಎಲ್ಲೆಯೇ ಕೂಗಿ ಹೇಳುತ್ತಿತ್ತು. ಎರಡು ನಿಮಿಷ ಕೂತು ಹುಡುಕಿದ್ದರೆ ಅವನು ಎಣಿಕೆಯ ತತ್ತ್ವವನ್ನೇ ಕಲಿಯುತ್ತಿದ್ದ. ನಾನು ಅವನಿಗೆ ನಕಲು ಕಲಿಸಿದೆ.

ಹೊಂದದ ಅಳತೆಯನ್ನು ತಿದ್ದದೆ ಬರೆದಿಟ್ಟವರಿಂದಲೇ ವಿಜ್ಞಾನ ಬೆಳೆಯಿತು. 1672ರಲ್ಲಿ ಜಾನ್ ರಿಶೆ ಎಂಬ ಫ್ರೆಂಚ್ ವಿಜ್ಞಾನಿ ಸಮಭಾಜಕಕ್ಕೆ ಹತ್ತಿರದ ಕಯೆನ್ನಿಗೆ ಹೋದಾಗ, ಪ್ಯಾರಿಸ್ಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಆತ ಅದನ್ನು ಇದ್ದಂತೆಯೇ ವರದಿ ಮಾಡಿದ. ಭೂಮಿ ಪೂರ್ಣ ಗೋಲವಲ್ಲವೆಂಬ ತನ್ನ ವಾದಕ್ಕೆ ನ್ಯೂಟನ್ 1687ರ ಗ್ರಂಥದಲ್ಲಿ ಆ ವ್ಯತ್ಯಾಸವನ್ನು ಬಳಸಿಕೊಂಡ. ರಿಶೆ ನಮ್ಮ ಪ್ರಯೋಗಶಾಲೆಯಲ್ಲಿ ಓದಿದ್ದರೆ ಗಡಿಯಾರದ ದಿನಚರಿ ತಿದ್ದಿ ಪೂರ್ಣ ಅಂಕ ಪಡೆಯುತ್ತಿದ್ದನೇನೋ!

ದೂರದ ಮಾತೇಕೆ, ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಬಿಸಿಲಿಗೆ ಸರಪಳಿ ಹಿಗ್ಗುತ್ತದೆಂದು ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು, ಆ ಹಿಗ್ಗನ್ನೂ ಲೆಕ್ಕಕ್ಕೆ ಹಿಡಿದ. ಅಲ್ಲಿಂದ ತ್ರಿಕೋನಗಳನ್ನು ಹೆಣೆಯುತ್ತ ಬಂದು, 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ನೆಲದ ಮೇಲೆಯೇ ಅಳೆಸಿದ. ಉದ್ದೇಶ ಒಂದೇ, ತನ್ನ ಲೆಕ್ಕವನ್ನು ತಾನೇ ಪರೀಕ್ಷೆಗೊಡ್ಡುವುದು. ಲೆಕ್ಕಕ್ಕೂ ಅಳತೆಗೂ ಕೆಲವೇ ಅಂಗುಲಗಳ ಅಂತರ ಬಂತು. ಸೊನ್ನೆ ಬರಲಿಲ್ಲ; ಸೊನ್ನೆ ಬಂತೆಂದು ಆತ ಬರೆಯಲೂ ಇಲ್ಲ. ಆ ಅಂಗುಲಗಳನ್ನು ಬಚ್ಚಿಡದಿದ್ದುದರಿಂದಲೇ ಉಳಿದ ಮೈಲಿಗಳನ್ನು ಜನ ನಂಬಿದರು.

‘ಇದೆಲ್ಲ ಪ್ರಯೋಗಶಾಲೆಯ ಮಾತಾಯಿತು, ನಮಗೇನು?’ ಎನ್ನುವವರಿಗೆ ಒಂದು ಮಾತು. ನಿಮ್ಮಲ್ಲಿ ಅನೇಕರು ಗೋವಿನಜೋಳ ಬೆಳೆಯುವವರು. ಬೆಂಬಲ ಬೆಲೆಯ ಖರೀದಿಯಲ್ಲಿ ತೇವಾಂಶಕ್ಕೆ ಶೇಕಡಾ 14ರ ಮಿತಿಯಿದೆ. ಯಂತ್ರ 14.3 ತೋರಿಸಿತೆಂದು ಮಾಲು ತಿರಸ್ಕೃತವಾಯಿತೆನ್ನಿ. ಆ ಯಂತ್ರವೇ ಅರ್ಧ ಶೇಕಡಾ ಆಚೀಚೆ ಹೇಳುವಂಥದ್ದಾದರೆ, ನಿಜವಾದ ತೇವಾಂಶ 13.8 ಆಗಿರಲೂಬಹುದು. ‘ನಿಮ್ಮ ಯಂತ್ರದ ಅನಿಶ್ಚಿತತೆ ಎಷ್ಟು? ಮೂರು ಸಲ ಬೇರೆ ಬೇರೆ ಚೀಲದಿಂದ ಕಾಳು ತೆಗೆದು ನೋಡಿ’ ಎಂದು ಕೇಳುವ ಧೈರ್ಯ ಯಾರಿಗಿರುತ್ತದೆ? ಯಂತ್ರದ ಪರದೆಯ ಮೇಲೆ ಮೂಡಿದ್ದೆಲ್ಲ ಬ್ರಹ್ಮಲಿಖಿತವೆಂದು ಶಾಲೆಯಲ್ಲಿ ಕಲಿತವನಿಗಂತೂ ಇರುವುದಿಲ್ಲ. ರಕ್ತಪರೀಕ್ಷೆಯ ಚೀಟಿಯಲ್ಲಿ ಒಂದಂಕಿ ಹೆಚ್ಚಾದೊಡನೆ ಊಟ ಬಿಡುವವರೂ ಈ ಪಾಠ ತಪ್ಪಿಸಿಕೊಂಡವರೇ.

ನನ್ನ ಸಹೋದ್ಯೋಗಿಗಳು ಹೇಳುವ ಉತ್ತರ ನನಗೆ ಗೊತ್ತು: ಪರೀಕ್ಷಕರು ಉತ್ತರ ನೋಡಿಯೇ ಅಂಕ ಕೊಡುತ್ತಾರೆ, ಮಕ್ಕಳ ಭವಿಷ್ಯದ ಪ್ರಶ್ನೆ, ಉಪಕರಣ ಸಾಲದು. ಉಪಕರಣ ಸಾಲದೆಂಬುದನ್ನು ಒಪ್ಪುತ್ತೇನೆ. ಆದರೆ ಅನಿಶ್ಚಿತತೆಯ ಲೆಕ್ಕ ಇರುವುದೇ ಸಾಲದ ಉಪಕರಣದಿಂದ ಎಷ್ಟು ಸತ್ಯ ದೊರೆಯಿತೆಂದು ಹೇಳಲಿಕ್ಕೆ. ಇನ್ನು ಪರೀಕ್ಷಕರೆಂದರೆ ಬೇರಾರೋ ಅಲ್ಲ, ನಾವೇ. ಉತ್ತರಕ್ಕೆ ಕೊಡುವ ಅಂಕವನ್ನು ತಿದ್ದದ ಕೋಷ್ಟಕಕ್ಕೂ ಆಚೀಚೆಯ ಲೆಕ್ಕಕ್ಕೂ ಕೊಡೋಣ. ಐದಕ್ಕೆ ಐದೂ ಒಂದೇ ಉತ್ತರ ಬಂದ ಪುಸ್ತಕವನ್ನು ಅನುಮಾನದಿಂದ ನೋಡೋಣ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈಗ ಮಾಸ್ತರರಾಗಿರುವವರು ಹಲವರಿದ್ದೀರಿ. ಈ ಮಾತು ಮುಖ್ಯವಾಗಿ ನಿಮಗೆ. ಇನ್ನು 10.82 ಬರೆದ ಆ ಹುಡುಗ, ಈಗ ನಡುವಯಸ್ಸಿನವನಾಗಿರಬೇಕು, ಇದನ್ನು ಓದುತ್ತಿದ್ದರೆ ಅವನಿಗೊಂದು ಮಾತು. ಅಂದು ನಿನ್ನ ಎಣಿಕೆಯಲ್ಲಿ ಒಂದು ತಪ್ಪಿತ್ತು, ನನ್ನ ಪಾಠದಲ್ಲಿ ಅದಕ್ಕಿಂತ ದೊಡ್ಡದಿತ್ತು. ಆ ಕೆಂಪು ಗೆರೆಯನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನಪ್ಪ.